ಮ್ಯಾನೇಜರ್‌ಗೆ ಶೇ 10 ಪಾಲು ಸರಿ, ಯಾವುದರ ಶೇ 10?

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಕೆಳ ಹಂತದ ಫುಟ್‌ಬಾಲ್ ಕ್ಲಬ್‌ಗಳಲ್ಲಿ ತಂಡದ ಮ್ಯಾನೇಜರ್‌ಗೇ (ಅಲ್ಲಿ ಮ್ಯಾನೇಜರ್ ಎಂದರೆ ಮುಖ್ಯ ತರಬೇತುದಾರ) ಮಾಲೀಕತ್ವದಲ್ಲಿ ಶೇ 10ರಂಥ ಪಾಲು ಕೊಡುವ ಕುರಿತು ನಿಮ್ಮ ಕ್ರೀಡಾಪುಟದಲ್ಲಿ ಬಂದ ಬರಹ ಓದಿದೆವು. ಪಾಲು ಸಿಕ್ಕವನು ಕ್ಲಬ್ಬಿನ ದುಡ್ಡನ್ನು ತನ್ನ ದುಡ್ಡಿನಂತೆ ನೋಡಿಕೊಳ್ಳುತ್ತಾನೆ, ಕಂಡಕಂಡ ಆಟಗಾರರಿಗೆ ಸುರಿಯುವುದಿಲ್ಲ ಎಂಬುದು ಅದರ ಸಾರ. ನಮ್ಮ ಕಡೆಯವರಿಗೆ ಬೇಗ ಹಿಡಿಸುವ ವಾದ. ತೋಟದ ರೈಟರಿಗೆ ನಾಲ್ಕೆಕರೆ ಬಿಟ್ಟುಕೊಟ್ಟರೆ ಉಳಿದ ನಲವತ್ತೆಕರೆಯನ್ನೂ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾನೆ ಎನ್ನುವವರು ಸಕಲೇಶಪುರದಲ್ಲೂ ಇದ್ದಾರೆ, ಮೂಡಿಗೆರೆಯಲ್ಲೂ ಇದ್ದಾರೆ. ಆದರೆ ತೋಟದ ಪಾಲಿನ ಕೆಳಗೆ ನೆಲ ಇರುತ್ತದೆ. ಮಳೆ ಕೈಕೊಟ್ಟರೂ ಕಾಫಿ ಬೆಲೆ ಬಿದ್ದರೂ ನೆಲ ಎಲ್ಲಿಗೂ ಹೋಗುವುದಿಲ್ಲ. ಕೆಳ ಹಂತದ ಕ್ಲಬ್ಬಿನ ಪಾಲಿನ ಕೆಳಗೆ ಬಹಳ ಸಲ ಇರುವುದು ಮಾಲೀಕನ ಸಾಲ. ಶೇ 10 ಎಂದ ಕೂಡಲೇ ಯಾವುದರ ಶೇ 10 ಎಂದು ಕೇಳಬೇಕಿತ್ತು. ಬರಹದಲ್ಲಿ ಆ ಪ್ರಶ್ನೆಯೇ ಇರಲಿಲ್ಲ, ಹಾಗಾಗಿ ಈ ಪತ್ರ. ಉದ್ದವಾಗಿದೆ. ಕತ್ತರಿ ಹಾಕುವುದಿದ್ದರೆ ಲೆಕ್ಕಗಳನ್ನು ಬಿಟ್ಟು ಬೇರೆ ಕಡೆ ಹಾಕಿ ಎಂದು ಕೋರಿಕೆ.

ಮೊದಲು ಹಣ ಎಲ್ಲಿಂದ ಬರುತ್ತದೆ ಎಂಬುದು. ಪ್ರೀಮಿಯರ್ ಲೀಗಿನ 20 ತಂಡಗಳ ಕೆಳಗೆ ಇಎಫ್‌ಎಲ್ (ಇಂಗ್ಲಿಷ್ ಫುಟ್‌ಬಾಲ್ ಲೀಗ್) ನಡೆಸುವ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ ಎಂಬ ಮೂರು ಹಂತಗಳಿವೆ, ತಲಾ 24 ಕ್ಲಬ್‌ಗಳು. ಅವುಗಳ ಕೆಳಗೆ ಐದನೆಯ ಹಂತ ನ್ಯಾಷನಲ್ ಲೀಗ್. 2024-25ರಿಂದ ಐದು ಋತುಗಳಿಗೆ ಇಎಫ್‌ಎಲ್ ಸ್ಕೈ ಟಿ.ವಿ. ಜೊತೆ ಮಾಡಿಕೊಂಡ ಒಪ್ಪಂದದ ಮೊತ್ತ ಒಟ್ಟು 93.5 ಕೋಟಿ ಪೌಂಡ್. ದೊಡ್ಡ ಸಂಖ್ಯೆ. ಆದರೆ ಇಎಫ್‌ಎಲ್ ತನ್ನ ಮೂಲ ಹಣವನ್ನು ಮೂರು ಹಂತಗಳಿಗೆ ಹಂಚುವ ರೂಢಿ 80, 12, 8ರ ಪ್ರಮಾಣದ್ದು. ನೂರು ರೂಪಾಯಿ ಬಂತೆಂದರೆ ಒಂದು ಚಾಂಪಿಯನ್‌ಶಿಪ್ ಕ್ಲಬ್ಬಿಗೆ 3 ರೂಪಾಯಿ 33 ಪೈಸೆ, ಲೀಗ್ ಒನ್ ಕ್ಲಬ್ಬಿಗೆ 50 ಪೈಸೆ, ಲೀಗ್ ಟೂ ಕ್ಲಬ್ಬಿಗೆ 33 ಪೈಸೆ. ಹೀಗಾಗಿ ಕೆಳಗಿನವರು ಬದುಕುವುದು ಗೇಟಿನ ಟಿಕೆಟ್, ಜಾಹೀರಾತು ಫಲಕ, ಬಿಯರು, ಕಡುಬಿನಂಥ ಅವರ ಪೈ, ಮತ್ತು ವರ್ಷಕ್ಕೊಬ್ಬ ಹುಡುಗನನ್ನು ಮೇಲಿನ ಕ್ಲಬ್ಬಿಗೆ ಮಾರುವುದರಿಂದ. ಟಿಕೆಟ್ಟಿನ ಹಣವೂ ಪೂರ್ತಿ ಅವರದ್ದಲ್ಲ. 20 ಪೌಂಡಿನ ಟಿಕೆಟ್ಟಿನಲ್ಲಿ ಶೇ 20ರ ವ್ಯಾಟ್ ಅಡಗಿರುತ್ತದೆ, 3 ಪೌಂಡ್ 33 ಪೆನ್ಸ್ ತೆರಿಗೆ ಇಲಾಖೆಗೆ ಹೋಗಿ ಕೈಯಲ್ಲಿ ಉಳಿಯುವುದು 16 ಪೌಂಡ್ 67 ಪೆನ್ಸ್.

ಎಲ್ಲ ಹಂತಗಳ ಕ್ಲಬ್‌ಗಳೂ ಸೇರುವ ನಾಕೌಟ್ ಪಂದ್ಯಾವಳಿಯಾದ ಎಫ್‌.ಎ. ಕಪ್‌ನಲ್ಲಿ ದೊಡ್ಡ ಕ್ಲಬ್ ಎದುರಾದರೆ ಅದು ಅವರಿಗೆ ಹಾಸನಾಂಬ ಜಾತ್ರೆ ಇದ್ದಂತೆ. ಖರ್ಚು ಕಳೆದ ಗೇಟ್ ಹಣದಲ್ಲಿ ಎರಡೂ ತಂಡಗಳಿಗೆ ಶೇ 45, ಉಳಿದ ಶೇ 10 ಸಾಮೂಹಿಕ ನಿಧಿಗೆ ಎಂಬುದು ಹಂಚಿಕೆಯ ರೂಢಿ. ಎಕ್ಸೆಟರ್ ಸಿಟಿ 2005ರ ಜನವರಿಯಲ್ಲಿ ಐದನೆಯ ಹಂತದಲ್ಲಿದ್ದಾಗ ಓಲ್ಡ್ ಟ್ರಾಫರ್ಡ್‌ಗೆ ಹೋಗಿ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ 0-0 ಡ್ರಾ ಮಾಡಿಕೊಂಡಿತು. ಆ ಪಂದ್ಯ, ಮತ್ತೆ ತವರಿನಲ್ಲಿ ನಡೆದ ಮರುಪಂದ್ಯ, ಇವೆರಡರ ದುಡ್ಡು ಕ್ಲಬ್ಬಿನ ಹಳೇ ಸಾಲದ ಕುಣಿಕೆಯನ್ನು ಸಡಿಲಿಸಿತು. ಆದರೆ ಜಾತ್ರೆಯ ವ್ಯಾಪಾರ ನೋಡಿ ವರ್ಷದ ಬಾಡಿಗೆಗೆ ಮಳಿಗೆ ಹಿಡಿಯುವವರು ಹಾಸನದಲ್ಲಿ ಯಾರಿದ್ದಾರೆ? ಇಂಗ್ಲೆಂಡಿನಲ್ಲಿ ಇದ್ದಾರೆ. ಒಂದು ಕಪ್ ಓಟದ ಹಣ ನಂಬಿ ಎರಡು ವರ್ಷದ ಕರಾರಿಗೆ ಸಹಿ ಹಾಕುತ್ತಾರೆ.

ನಗದಿನ ಹರಿವು ಇನ್ನೊಂದು ಕಥೆ. ಲೀಗ್ ಮುಗಿಯುವುದು ಮೇ ತಿಂಗಳಲ್ಲಿ, ಮತ್ತೆ ಶುರುವಾಗುವುದು ಆಗಸ್ಟ್‌ನಲ್ಲಿ. ನಡುವಿನ ಜೂನ್, ಜುಲೈನಲ್ಲಿ ಗೇಟ್ ಇಲ್ಲ, ಸಂಬಳ ಮಾತ್ರ ಇದೆ. ಮುಂದಿನ ಋತುವಿನ ಸೀಸನ್ ಟಿಕೆಟ್ ಮಾರಿ ಬಂದ ದುಡ್ಡಿನಲ್ಲಿ ಹಿಂದಿನ ಋತುವಿನ ಬಾಕಿ ತೀರಿಸುತ್ತಾರೆ. ಗಿಡದಲ್ಲಿ ಹೂವು ಬಿಡುವ ಮೊದಲೇ ಕಾಫಿ ಕೊಳ್ಳುವ ಕ್ಯೂರಿಂಗ್‌ನವರಿಂದ ಮುಂಗಡ ಎತ್ತಿ ಹಿಂದಿನ ವರ್ಷದ ಗೊಬ್ಬರದ ಅಂಗಡಿಗೆ ಕಟ್ಟಿದರೆ ಕೊಯ್ಲಿನ ಹೊತ್ತಿಗೆ ಏನಾಗುತ್ತದೆ ಎಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಅಲ್ಲಿ ಕೊಯ್ಲಿನ ಹೊತ್ತು ಎಂದರೆ ಫೆಬ್ರುವರಿ, ಮಾರ್ಚ್. ಮೈದಾನ ಕೆಸರಾಗಿ ಪಂದ್ಯ ಮುಂದೆ ಹೋಗುತ್ತದೆ, ಗೇಟ್ ಹಣವೂ ಮುಂದೆ ಹೋಗುತ್ತದೆ, ಆದರೆ ಸಂಬಳದ ಮೂಲದಲ್ಲಿ ಹಿಡಿದ ತೆರಿಗೆಯನ್ನು ತಿಂಗಳ 22ರೊಳಗೆ ಕಟ್ಟಲೇಬೇಕು. ಕೈಸಾಲಕ್ಕೆ ಓಡಾಡುವ ಕ್ಲಬ್ ಮೊದಲು ನಿಲ್ಲಿಸುವುದು ಇದನ್ನೇ. ಆಟಗಾರನಿಗೆ ಬಾಕಿ ಇಟ್ಟರೆ ಅವನು ಶನಿವಾರ ಕಾಲೆಳೆಯುತ್ತಾನೆ. ತೆರಿಗೆ ಇಲಾಖೆ ಮೂರು ನಾಲ್ಕು ತಿಂಗಳು ಕಾಗದ ಬರೆಯುತ್ತಾ ಕೂರುತ್ತದೆ. ಆಮೇಲೆ ಕಂಪನಿ ಮುಚ್ಚಿಸಲು ನೇರವಾಗಿ ಕೋರ್ಟಿಗೆ ಹೋಗುತ್ತದೆ. ಮ್ಯಾಕಲ್ಸ್‌ಫೀಲ್ಡ್ ಟೌನ್ 2020ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟಿನಲ್ಲಿ ಮುಚ್ಚಿಹೋಗಿದ್ದು ಹೀಗೇ. ಎಲ್ಲರ ಬಾಕಿಯೂ ಸೇರಿ ಇದ್ದದ್ದು 5 ಲಕ್ಷ ಪೌಂಡಿಗಿಂತ ಸ್ವಲ್ಪ ಹೆಚ್ಚು, ಪ್ರೀಮಿಯರ್ ಲೀಗಿನ ದೊಡ್ಡ ಆಟಗಾರನೊಬ್ಬನ ಕೆಲವೇ ವಾರಗಳ ಸಂಬಳ.

ಈಗ ಪಾಲಿನ ವಿಷಯಕ್ಕೆ ಬರೋಣ. ಇಲ್ಲಿ ಸಂಬಳದ ಮಿತಿಯ ನಿಯಮ ಗೊತ್ತಿಲ್ಲದಿದ್ದರೆ ಮುಂದಿನದ್ದು ಅರ್ಥವಾಗುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದನ್ನೇ ಇಎಫ್‌ಎಲ್ ಲೆಕ್ಕವಾಗಿ ಬರೆದಿಟ್ಟಿದೆ. ಈ ನಿಯಮ 2021ರಲ್ಲಿ ಮರಳಿ ಬಂದಾಗ ಆಟಗಾರರ ಮೇಲಿನ ವೆಚ್ಚ ಲೀಗ್ ಒನ್‌ನಲ್ಲಿ ವಹಿವಾಟಿನ ಶೇ 60, ಲೀಗ್ ಟೂನಲ್ಲಿ ಶೇ 50 ಮೀರಬಾರದು ಎಂದಾಯಿತು. ಸ್ವಾರಸ್ಯ ಇರುವುದು ಯಾವ ಹಣವನ್ನು ಎಣಿಸುತ್ತಾರೆ ಎಂಬುದರಲ್ಲಿ. ಮಾಲೀಕ ಹಣವನ್ನು ಷೇರು ಬಂಡವಾಳವಾಗಿ ಹಾಕಿದರೆ ಅಥವಾ ದಾನವಾಗಿ ಕೊಟ್ಟರೆ ಅದು ಲೆಕ್ಕಕ್ಕೆ ಬರುತ್ತದೆ, ಆಟಗಾರರ ಬಜೆಟ್ ಹಿಗ್ಗುತ್ತದೆ. ಸಾಲವಾಗಿ ಕೊಟ್ಟರೆ ಬರುವುದಿಲ್ಲ. ನಿಯಮ ಒಳ್ಳೆಯದೇ. ಸಾಲದ ಹಣದಲ್ಲಿ ಮೆರೆಯಬೇಡಿ ಎನ್ನುತ್ತದೆ. ಮ್ಯಾನೇಜರ್‌ನ ಪಾಲು ಕರಗುವುದೂ ಇದೇ ನಿಯಮದಿಂದ.

ಲೆಕ್ಕಕ್ಕೆಂದು ಒಂದು ಲೀಗ್ ಟೂ ಕ್ಲಬ್ ಕಲ್ಪಿಸಿಕೊಳ್ಳಿ. ಒಟ್ಟು 1,00,000 ಷೇರು, ತಲಾ 1 ಪೌಂಡ್ ಮುಖಬೆಲೆ. ಮಾಲೀಕನ ಬಳಿ 90,000, ಮ್ಯಾನೇಜರ್ ಬಳಿ 10,000. ವರ್ಷದ ಆದಾಯ 40 ಲಕ್ಷ ಪೌಂಡ್, ಖರ್ಚು 49 ಲಕ್ಷ. ಈ ಹಂತದಲ್ಲಿ ಕೊರತೆ ಇರುವುದೇ ವಾಡಿಕೆ, ಅದನ್ನು ಯಾರೋ ಕೈಯಿಂದ ತುಂಬುತ್ತಿರುತ್ತಾರೆ. ಡಿಸೆಂಬರ್‌ನಲ್ಲಿ ಮ್ಯಾನೇಜರ್‌ಗೆ ಗೋಲು ಹೊಡೆಯುವ ಒಬ್ಬ ಸೆಂಟರ್ ಫಾರ್ವರ್ಡ್ ಬೇಕೆನ್ನಿಸುತ್ತದೆ. ವಾರಕ್ಕೆ 2,000 ಪೌಂಡ್ ಎಂದರೆ ವರ್ಷಕ್ಕೆ 1,04,000. ಅದರ ಮೇಲೆ ಉದ್ಯೋಗದಾತರು ಕಟ್ಟಬೇಕಾದ ನ್ಯಾಷನಲ್ ಇನ್ಶುರೆನ್ಸ್ ಬೇರೆ. 2025ರ ಏಪ್ರಿಲ್‌ನಿಂದ ಅದು ವರ್ಷಕ್ಕೆ 5,000 ಪೌಂಡ್ ಮೀರಿದ ಸಂಬಳದ ಮೇಲೆ ಶೇ 15, ಅಂದರೆ 14,850. ಒಟ್ಟು 1,18,850 ಪೌಂಡ್. ಏಜೆಂಟರ ಕಮಿಷನ್, ಮನೆ ಬಾಡಿಗೆ, ಗೋಲಿಗಿಷ್ಟು ಎಂಬ ಬೋನಸ್ ಇದರಲ್ಲಿ ಸೇರಿಲ್ಲ.

ಬಜೆಟ್‌ನಲ್ಲಿ ಜಾಗವಿಲ್ಲ. ಜಾಗ ಮಾಡಲು, ಜೊತೆಗೆ ಕೊರತೆ ಮುಚ್ಚಲು, ಮಾಲೀಕ 9 ಲಕ್ಷ ಪೌಂಡ್ ತಂದು ಅಷ್ಟಕ್ಕೂ ಮುಖಬೆಲೆಗೇ ಹೊಸ ಷೇರು ಬರೆಸಿಕೊಳ್ಳುತ್ತಾನೆ ಎನ್ನೋಣ. ಈಗ ಒಟ್ಟು ಷೇರು 10,00,000. ಮ್ಯಾನೇಜರ್ ಬಳಿ ಇರುವುದು ಅವೇ 10,000. ಯಾರೂ ಕದಿಯಲಿಲ್ಲ, ಯಾರೂ ಮಾರಲಿಲ್ಲ, ಶೇ 10 ಇದ್ದದ್ದು ಶೇ 1 ಆಯಿತು. ಮೊದಲಿನ ಪಾಲು ಉಳಿಸಿಕೊಳ್ಳಬೇಕೆಂದರೆ ಆ 9 ಲಕ್ಷದಲ್ಲಿ 90,000 ಪೌಂಡನ್ನು ಅವನೇ ತನ್ನ ಜೇಬಿನಿಂದ ಹಾಕಿ ಹೊಸ ಷೇರು ಕೊಳ್ಳಬೇಕಿತ್ತು. ನಗದಿಗೆ ಹೊಸ ಷೇರು ಬಿಡುವಾಗ ಇದ್ದ ಷೇರುದಾರರಿಗೆ ಮೊದಲು ಕೇಳಬೇಕೆಂದು ಬ್ರಿಟನ್ನಿನ 2006ರ ಕಂಪನಿ ಕಾಯ್ದೆ ಹೇಳುತ್ತದೆ, ನಿಜ. ಆದರೆ ಶೇ 75 ಮತ ಇದ್ದವರು ವಿಶೇಷ ನಿರ್ಣಯ ಮಾಡಿ ಆ ಹಕ್ಕನ್ನು ಬದಿಗಿಡಬಹುದು ಎಂದೂ ಅದೇ ಕಾಯ್ದೆ ಹೇಳುತ್ತದೆ. ಮಾಲೀಕನ ಕೈಯಲ್ಲಿರುವುದು ಶೇ 90.

ಒಳ್ಳೆ ಸೆಂಟರ್ ಫಾರ್ವರ್ಡ್ ಬೇಕೆಂದು ಕೇಳಿದಷ್ಟೂ ಮ್ಯಾನೇಜರ್‌ನ ಪಾಲು ಅವನ ಬಾಯಿಂದಲೇ ಕರಗುತ್ತಾ ಹೋಗುತ್ತದೆ. ಹಾಗಿದ್ದರೆ ಒಳ್ಳೆಯದೇ ಆಯಿತಲ್ಲ, ಅದೇ ತಾನೇ ಶಿಸ್ತು ಎಂದು ನಿಮ್ಮ ಬರಹಗಾರರು ಕೇಳಬಹುದು. ಆಗದು. ಮ್ಯಾನೇಜರ್‌ನ ಕೆಲಸ ಉಳಿಯುವುದು ಅಂಕಪಟ್ಟಿಯಿಂದ, ಬ್ಯಾಲೆನ್ಸ್ ಶೀಟಿನಿಂದಲ್ಲ. ಹತ್ತು ಪಂದ್ಯ ಸೋತರೆ ಹೊರಗೆ. ತಂಡಕ್ಕೆ ಮೇಲಿನ ಹಂತಕ್ಕೆ ಬಡ್ತಿ ಸಿಕ್ಕರೆ ಬೋನಸ್, ಮೇಲಿನ ಕ್ಲಬ್ಬಿನಿಂದ ಕರೆ. ಈ ಎರಡರ ಮುಂದೆ, ಮಾರಲು ಸಂತೆಯೇ ಇಲ್ಲದ ಷೇರಿನ ಬೆಲೆ ಎಷ್ಟು? ಅವನು ಸೆಂಟರ್ ಫಾರ್ವರ್ಡ್‌ನನ್ನೇ ಕೇಳುತ್ತಾನೆ. ನಾವಾದರೂ ಅದನ್ನೇ ಕೇಳುತ್ತಿದ್ದೆವು.

ಮಾಲೀಕ ಷೇರಿನ ಬದಲು ಸಾಲವನ್ನೇ ಕೊಟ್ಟ ಎನ್ನಿ. ಆಗ ಶೇ 10 ಕಾಗದದ ಮೇಲೆ ಹಾಗೇ ಉಳಿಯುತ್ತದೆ, ಆದರೆ ಸಾಲ ಅದರ ಮೇಲೆ ಕೂರುತ್ತದೆ. ನಾಲ್ಕು ವರ್ಷದಲ್ಲಿ ಮಾಲೀಕನ ಸಾಲ 30 ಲಕ್ಷ ಆಗಿದ್ದು, ಕ್ಲಬ್ ಕೊಳ್ಳಲು ಬಂದವರು ಎಲ್ಲಾ ಸೇರಿ 20 ಲಕ್ಷ ಎಂದರೆ, ಅದಷ್ಟೂ ಸಾಲಕ್ಕೆ ಜಮೆ. ಷೇರಿಗೆ ಉಳಿಯುವುದು ಸೊನ್ನೆ, ಸೊನ್ನೆಯಲ್ಲಿ ಶೇ 10. ಕ್ಲಬ್‌ಗಳು 1 ಪೌಂಡಿಗೆ ಕೈಬದಲಾದವು ಎಂಬ ಸುದ್ದಿ ಆಗಾಗ ಬರುವುದು ಇದಕ್ಕೇ. ಷೇರಿಗೆ 1 ಪೌಂಡ್, ಉಳಿದ ಚೌಕಾಸಿ ಎಲ್ಲಾ ಸಾಲದ್ದು. 2018ರ ಡಿಸೆಂಬರ್‌ನಲ್ಲಿ ಬರಿ ಎಂಬ ಊರಿನ ಕ್ಲಬ್ ಮಾರಾಟವಾದದ್ದು 1 ಪೌಂಡಿಗೆ. ಮುಂದಿನ ಏಪ್ರಿಲ್ ಕೊನೆಯಲ್ಲಿ ತಂಡ ಲೀಗ್ ಟೂನಿಂದ ಬಡ್ತಿ ಪಡೆಯಿತು. ಆಟಗಾರರಿಗೆ ಸಂಬಳ ಬಾಕಿ, ಗಿಗ್ ಲೇನ್ ಮೈದಾನ ಅಡಮಾನದಲ್ಲಿ. ಮ್ಯಾನೇಜರ್ ಬೇರೆ ಕ್ಲಬ್ ನೋಡಿಕೊಂಡರು. ಆಗಸ್ಟ್ 27, 2019ರಂದು, 1894ರಿಂದ ಲೀಗಿನಲ್ಲಿದ್ದ ಕ್ಲಬ್ಬನ್ನು ಇಎಫ್‌ಎಲ್ ಹೊರಹಾಕಿತು. ಬಡ್ತಿಗೂ ಉಚ್ಚಾಟನೆಗೂ ನಡುವೆ ನಾಲ್ಕೇ ತಿಂಗಳು.

ಮ್ಯಾನೇಜರ್ ಹಣ ಹಾಕಿದ ನಿಜವಾದ ಉದಾಹರಣೆಗಳು ಕೆಲವಿವೆ, ಒಂದೊಂದರದ್ದು ಒಂದೊಂದು ಬಗೆ. 2019ರ ಡಿಸೆಂಬರ್ ಕೊನೆಗೆ ಇಯಾನ್ ಹಾಲೊವೇ ಗ್ರಿಮ್ಸ್‌ಬಿ ಟೌನ್‌ಗೆ ಮ್ಯಾನೇಜರ್ ಆಗಿ ಬಂದಾಗ ಷೇರುದಾರನಾಗಿ, ನಿರ್ದೇಶಕ ಮಂಡಳಿಗೂ ಸೇರುವ ಒಪ್ಪಂದದೊಂದಿಗೇ ಬಂದರು. ಊರಿನ ಜನ ಹಿಗ್ಗಿದರು. ಆದರೆ ಹೆಚ್ಚಿನ ಷೇರು ಇದ್ದದ್ದು ಇನ್ನೊಬ್ಬರ ಬಳಿ. ಒಂದು ವರ್ಷ ತುಂಬುವ ಮೊದಲೇ ಅವರು ಮಾರಲು ಹೊರಟರು, 2020ರ ಡಿಸೆಂಬರ್‌ನಲ್ಲಿ ಹಾಲೊವೇ ಹೊರನಡೆದರು, 2021ರಲ್ಲಿ ಕ್ಲಬ್ ಐದನೆಯ ಹಂತಕ್ಕೆ ಜಾರಿತು. ಅದೇ ವರ್ಷ ಸ್ಥಳೀಯ ಬೇರಿರುವ ಇಬ್ಬರು ಉದ್ಯಮಿಗಳು ಕೊಂಡುಕೊಂಡರು, 2022ರಲ್ಲಿ ಕ್ಲಬ್ ಮರಳಿ ಮೇಲೆ ಬಂತು. 2025ರ ಆಗಸ್ಟ್‌ನಲ್ಲಿ ಲೀಗ್ ಕಪ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಅನ್ನು ಪೆನಾಲ್ಟಿಯಲ್ಲಿ 12-11ರಿಂದ ಸೋಲಿಸಿದ್ದು ಇದೇ ಗ್ರಿಮ್ಸ್‌ಬಿ. ಆಗ ಮ್ಯಾನೇಜರ್ ಬೇರೆ, ಮಾಲೀಕರೂ ಬೇರೆ. ಸಣ್ಣ ಪಾಲಿನವನಿಗೆ ದೊಡ್ಡ ಪಾಲಿನವನು ಯಾರಿಗೆ ಮಾರುತ್ತಾನೆ ಎಂಬುದರ ಮೇಲೆ ಹಿಡಿತವಿಲ್ಲ ಎಂಬುದಕ್ಕೆ ಇದಕ್ಕಿಂತ ತಾಜಾ ಉದಾಹರಣೆ ಬೇಕಿಲ್ಲ.

ಪೂರ್ತಿ ಪಾಲು ಇದ್ದರೆ ಏನಾಗುತ್ತದೆ ಎಂಬುದಕ್ಕೆ ಫಾರ್ನ್‌ಬರೊ ಟೌನ್ ನೋಡಬೇಕು. ಗ್ರಹಾಂ ವೆಸ್ಟ್ಲಿ ಅಲ್ಲಿ ಮಾಲೀಕರೂ ಮ್ಯಾನೇಜರೂ ಆಗಿದ್ದರು. 2003ರ ಜನವರಿಯಲ್ಲಿ ಎಫ್‌.ಎ. ಕಪ್ ನಾಲ್ಕನೇ ಸುತ್ತಿನಲ್ಲಿ ಆರ್ಸೆನಲ್ ವಿರುದ್ಧ ತವರಿನ ಪಂದ್ಯ ಸಿಕ್ಕಿತು. ಹಣಕ್ಕಾಗಿ ಅದನ್ನು ಆರ್ಸೆನಲ್‌ನ ಹೈಬರಿಗೇ ವರ್ಗಾಯಿಸಿದರು, 5-1ರಿಂದ ಸೋತರು. ಕೆಲವೇ ದಿನಗಳಲ್ಲಿ ವೆಸ್ಟ್ಲಿ ಸ್ಟೀವನೇಜ್ ಸೇರಿದರು, ಹಿಂದೆಯೇ ಹಲವು ಆಟಗಾರರೂ ಹೋದರು. ಕ್ಲಬ್ ಮುಂದೆ 2007ರಲ್ಲಿ ದಿವಾಳಿಯೆದ್ದು ಹೊಸ ಹೆಸರಿನಲ್ಲಿ ಮತ್ತೆ ಹುಟ್ಟಬೇಕಾಯಿತು. ಪಾಲು ಇದ್ದವನು ಊರು ಬಿಡುವುದಿಲ್ಲ ಎಂಬ ನಂಬಿಕೆಗೆ ಇದು ಉತ್ತರ.

ಹಾಗೆಂದು ಮಾಲೀಕ-ಮ್ಯಾನೇಜರ್ ಎಂದರೆ ಕೆಡುಕೇ ಎನ್ನುವಂತಿಲ್ಲ. ರಾನ್ ನೋಡ್ಸ್ 1998ರಲ್ಲಿ ಬ್ರೆಂಟ್‌ಫರ್ಡ್ ಕೊಂಡು ತಮ್ಮನ್ನು ತಾವೇ ಮ್ಯಾನೇಜರ್ ಆಗಿ ನೇಮಿಸಿಕೊಂಡರು, 1998-99ರಲ್ಲಿ ನಾಲ್ಕನೆಯ ಹಂತದ ಚಾಂಪಿಯನ್ ಆದರು. ನಕ್ಕವರು ಬಾಯಿ ಮುಚ್ಚಿಕೊಂಡರು. ಡಾರ್ಕಿಂಗ್ ವಾಂಡರರ್ಸ್‌ನ ಮಾರ್ಕ್ ವೈಟ್ 1999ರಲ್ಲಿ ಗೆಳೆಯರ ತಂಡವಾಗಿ ಕಟ್ಟಿದ್ದನ್ನು 2022ರಲ್ಲಿ ನ್ಯಾಷನಲ್ ಲೀಗಿಗೆ ಏರಿಸಿದರು. ಇವರಿಬ್ಬರದೂ ಕೊಟ್ಟ ಪಾಲಲ್ಲ, ಒಬ್ಬರು ಕೊಂಡದ್ದು, ಇನ್ನೊಬ್ಬರು ಬುಡದಿಂದ ಕಟ್ಟಿದ್ದು. ನಿರ್ಧಾರವೂ ನಷ್ಟವೂ ಒಂದೇ ತಲೆಯ ಮೇಲೆ. ನಿಮ್ಮ ಬರಹ ಹೊಗಳಿದ್ದು ಬೇರೆಯದನ್ನು, ಸಂಬಳಕ್ಕಿರುವವನಿಗೆ ಚೂರು ಪಾಲು ಹಚ್ಚುವುದನ್ನು.

ಆ ಚೂರು ಪಾಲಿಗೆ ಕಾನೂನಿನಲ್ಲಿ ಎಷ್ಟು ಬಲ? ಶೇ 5 ಮತ ಇದ್ದರೆ ಷೇರುದಾರರ ಸಭೆ ಕರೆಯಿರಿ ಎಂದು ನಿರ್ದೇಶಕರನ್ನು ಒತ್ತಾಯಿಸಬಹುದು. ಶೇ 25ಕ್ಕಿಂತ ಹೆಚ್ಚಿದ್ದರೆ ವಿಶೇಷ ನಿರ್ಣಯಗಳನ್ನು ತಡೆಯಬಹುದು, ಕಂಪನಿಯ ನಿಯಮಾವಳಿ ತಿದ್ದುವುದನ್ನೂ ಸೇರಿಸಿ. ಶೇ 50 ದಾಟಿದರೆ ನಿರ್ದೇಶಕರನ್ನು ಹಾಕುವುದು, ತೆಗೆಯುವುದು ಕೈಗೆ ಬರುತ್ತದೆ. ಶೇ 10 ಇರುವವನು ಸಭೆ ಕರೆಸಿ, ಚಹಾ ಕುಡಿದು, ಸೋತು ಬರಬಹುದು. ತೀರಾ ಅನ್ಯಾಯವಾದರೆ ಅಲ್ಪಪಾಲಿನವರ ಹಿತ ಕಾಯಿರಿ ಎಂದು 994ನೆಯ ಸೆಕ್ಷನ್ ಅಡಿ ಕೋರ್ಟಿಗೆ ಹೋಗುವ ದಾರಿ ಇದೆ, ಅದರ ವಕೀಲರ ಶುಲ್ಕ ಅವನ ಷೇರಿನ ಬೆಲೆಗಿಂತ ಹೆಚ್ಚು.

ಇನ್ನು ಕೆಲಸ ಬಿಟ್ಟ ದಿನದ ಪ್ರಶ್ನೆ. ಮಾಲೀಕ ಮ್ಯಾನೇಜರ್‌ನನ್ನು ತೆಗೆದರೆ ಹೋಗುವುದು ನೌಕರಿ, ಷೇರಲ್ಲ. ಕರಾರಿನಲ್ಲಿ ಬರೆದಿರದಿದ್ದರೆ ತೆಗೆದುಹಾಕಿದ ಮ್ಯಾನೇಜರ್ ಷೇರುದಾರನಾಗಿ ಉಳಿದು, ಎದುರಾಳಿ ತಂಡದ ಬೆಂಚಿನ ಮೇಲೆ ಕೂತಿರುತ್ತಾನೆ. ಇದು ತಮಾಷೆಗೆ ಹೇಳಿದ್ದಲ್ಲ. ಇಎಫ್‌ಎಲ್ ನಿಯಮದಂತೆ ಒಬ್ಬರೇ ಎರಡು ಕ್ಲಬ್‌ಗಳಲ್ಲಿ ಹಿತ ಹೊಂದುವಂತಿಲ್ಲ, ಬೇಕೆಂದರೆ ಅನುಮತಿ ಪಡೆಯಬೇಕು. 2019ರ ಫೆಬ್ರುವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಮಾಜಿ ಆಟಗಾರ ಪಾಲ್ ಸ್ಕೋಲ್ಸ್ ಲೀಗ್ ಟೂನ ಓಲ್ಡಮ್ ಅಥ್ಲೆಟಿಕ್‌ಗೆ ಮ್ಯಾನೇಜರ್ ಆಗಲು ಹೊರಟಾಗ, ಆಗ ನ್ಯಾಷನಲ್ ಲೀಗಿನಲ್ಲಿದ್ದ ಸ್ಯಾಲ್ಫರ್ಡ್ ಸಿಟಿಯಲ್ಲಿ ಅವರಿಗೆ ಶೇ 10 ಪಾಲಿತ್ತು. ಇಎಫ್‌ಎಲ್ ಭರವಸೆಗಳನ್ನು ಪಡೆದುಕೊಂಡು ಒಪ್ಪಿಗೆ ಕೊಟ್ಟಿತು. ಸ್ಕೋಲ್ಸ್ 31 ದಿನಕ್ಕೆ ರಾಜೀನಾಮೆ ಕೊಟ್ಟದ್ದರಿಂದ ತೊಡಕು ತಾನಾಗಿ ಬಿಡಿಸಿಕೊಂಡಿತು. ಸ್ಯಾಲ್ಫರ್ಡ್ ಆ ಮೇ ತಿಂಗಳಲ್ಲೇ ಲೀಗ್ ಟೂಗೆ ಬಡ್ತಿ ಪಡೆಯಿತು. ಉಳಿದಿದ್ದರೆ ಮುಂದಿನ ಋತುವಿನಲ್ಲಿ ತನ್ನ ಪಾಲಿನ ತಂಡದ ವಿರುದ್ಧವೇ ತಂಡ ಇಳಿಸಬೇಕಿತ್ತು.

ಇದಕ್ಕಾಗಿ ಬಲ್ಲ ವಕೀಲರು ಕರಾರಿನಲ್ಲಿ ಹೊರಹೋಗುವ ಕಲಮು ಸೇರಿಸುತ್ತಾರೆ. ಕಾಯಿಲೆ, ಅವಧಿ ಮುಗಿದದ್ದು, ಕಾರಣವಿಲ್ಲದೆ ತೆಗೆದದ್ದು ಇತ್ಯಾದಿಗೆ ಷೇರಿಗೆ ನ್ಯಾಯವಾದ ಬೆಲೆ. ತಾನಾಗಿ ಬಿಟ್ಟು ಹೋದರೆ ಅಥವಾ ದುರ್ನಡತೆಗೆ ಹೊರಬಿದ್ದರೆ ಕೊಂಡ ಬೆಲೆ ಅಥವಾ ಮಾರುಕಟ್ಟೆ ಬೆಲೆ, ಯಾವುದು ಕಡಿಮೆಯೋ ಅದು. ಬೆಲೆ ನಿಗದಿ ಮಾಡುವ ಲೆಕ್ಕಿಗ ಯಾರು, ಮಾಲೀಕನ ಸಾಲವನ್ನು ಕಳೆದು ನೋಡುವುದೋ ಕಳೆಯದೆಯೋ, ಹಣ ಎಷ್ಟು ಕಂತಿನಲ್ಲಿ, ಇವು ಬರೆದಿರಬೇಕು. ಮಾಲೀಕ ಕ್ಲಬ್ ಮಾರಿದರೆ ಅದೇ ಬೆಲೆಗೆ ಮ್ಯಾನೇಜರ್‌ನ ಷೇರನ್ನೂ ಕೊಳ್ಳಬೇಕು ಎಂಬ ಕಲಮೂ ಬೇಕು. ಇಲ್ಲದಿದ್ದರೆ ಹೊಸ ಮಾಲೀಕ ಶೇ 90 ಕೊಂಡು ಸುಮ್ಮನಾಗುತ್ತಾನೆ, ಹಳೇ ಮ್ಯಾನೇಜರ್‌ನ ಷೇರು ಪತ್ರ ಬೀರುವಿನಲ್ಲಿ ಉಳಿಯುತ್ತದೆ.

ಬಿಟ್ಟಿ ಸಿಕ್ಕ ಷೇರಿಗೂ ತೆರಿಗೆ ಇದೆ ಎಂಬುದನ್ನು ಮರೆಯುವವರು ಹೆಚ್ಚು. ನೌಕರನಿಗೆ ಮಾರುಕಟ್ಟೆ ಬೆಲೆಗಿಂತ ಅಗ್ಗಕ್ಕೆ ಷೇರು ಕೊಟ್ಟರೆ ಆ ವ್ಯತ್ಯಾಸವನ್ನು ಬ್ರಿಟನ್ನಿನ ತೆರಿಗೆ ಇಲಾಖೆ ಸಂಬಳವೆಂದೇ ಎಣಿಸುತ್ತದೆ. ಷೇರಿನ ಮೇಲೆ ನಿರ್ಬಂಧಗಳಿದ್ದರೆ, ಆ ನಿರ್ಬಂಧಗಳನ್ನು ಲೆಕ್ಕಿಸದೆ ಈಗಲೇ ಪೂರ್ತಿ ತೆರಿಗೆ ಕಟ್ಟುತ್ತೇವೆ ಎಂಬ ಜಂಟಿ ಪತ್ರಕ್ಕೆ 14 ದಿನದೊಳಗೆ ನೌಕರ ಮತ್ತು ಕಂಪನಿ ಇಬ್ಬರೂ ಸಹಿ ಹಾಕಿಡಬಹುದು. ಹಾಕದಿದ್ದರೆ, ಮುಂದೊಂದು ದಿನ ಬೆಲೆ ಏರಿ ಮಾರಿದಾಗ ಬಂದ ಲಾಭದ ಒಂದು ಭಾಗಕ್ಕೆ ಸಂಬಳದ ದರದಲ್ಲಿ ತೆರಿಗೆ ಬೀಳಬಹುದು. ನಷ್ಟದ ಕ್ಲಬ್ಬಿನಲ್ಲಿ ಷೇರಿನ ಬೆಲೆ ಸೊನ್ನೆಯ ಹತ್ತಿರ ಇರುವುದರಿಂದ ಆ ಹದಿನಾಲ್ಕು ದಿನದಲ್ಲಿ ಕೆಲಸ ಅಗ್ಗಕ್ಕೆ ಮುಗಿಯುತ್ತದೆ.

ಜನವರಿ ಬಂದರೆ ಹಿತಾಸಕ್ತಿಯ ಜಗ್ಗಾಟ. ಅಕಾಡೆಮಿಯಲ್ಲಿ ಬೆಳೆದ ಹತ್ತೊಂಬತ್ತರ ಹುಡುಗನಿಗೆ ಮೇಲಿನ ಕ್ಲಬ್ಬಿನಿಂದ ಬೆಲೆ ಬಂದಿದೆ. ಷೇರುದಾರನಾಗಿ ಮಾರಬೇಕು, ಮ್ಯಾನೇಜರ್ ಆಗಿ ಮೇ ತಿಂಗಳವರೆಗೆ ಇಟ್ಟುಕೊಳ್ಳಬೇಕು. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ನಿರ್ದೇಶಕನೂ ಆಗಿದ್ದರೆ ತನ್ನದೇ ಕರಾರು ಮಂಡಳಿಯ ಮುಂದೆ ಬಂದಾಗ ಹಿತಾಸಕ್ತಿ ಘೋಷಿಸಬೇಕು. ಇದಕ್ಕೆ ಎಕ್ಸೆಟರ್ ಸಿಟಿ ಹಿಡಿದ ದಾರಿ ನಮಗೆ ಹೆಚ್ಚು ಒಪ್ಪಿಗೆ. 2003ರಿಂದ ಅದು ಅಭಿಮಾನಿಗಳ ಟ್ರಸ್ಟಿನ ಒಡೆತನದಲ್ಲಿದೆ. ಹಾಲಿನ ಸೊಸೈಟಿಯಂತೆ ಒಬ್ಬ ಸದಸ್ಯನಿಗೆ ಒಂದು ಮತ, ಡೇರಿಗೆ ಎಷ್ಟು ಲೀಟರ್ ಹಾಕಿದರೂ ಅಷ್ಟೇ. 2017ರಲ್ಲಿ ಆಟಗಾರ ಓಲಿ ವಾಟ್ಕಿನ್ಸ್‌ರನ್ನು ಬ್ರೆಂಟ್‌ಫರ್ಡ್‌ಗೆ ಮಾರುವಾಗ ಮುಂದಿನ ಮಾರಾಟದಲ್ಲೂ ಪಾಲು ಎಂದು ಬರೆಸಿಕೊಂಡಿದ್ದರು, 2020ರಲ್ಲಿ ಅವರು ಆಸ್ಟನ್ ವಿಲ್ಲಾಗೆ ಹೋದಾಗ ಎಕ್ಸೆಟರ್‌ಗೆ ಮತ್ತೆ ದುಡ್ಡು ಬಂತು. ಟ್ರಸ್ಟಿನ ಕ್ಲಬ್‌ಗಳಿಗೂ ಕಷ್ಟ ಬರುತ್ತದೆ, ಕೊರತೆ ತುಂಬುವ ಸಾಹುಕಾರ ಅಲ್ಲಿಲ್ಲ. ಆದರೆ ಅಲ್ಲಿ ಪಾಲಿನ ಹೆಸರಲ್ಲಿ ಯಾರೂ ಮೋಸ ಹೋಗುವುದಿಲ್ಲ.

ಕ್ಲಬ್ ಮುಳುಗಿದರೆ ಏನು? ಕೋರ್ಟಿನ ಆಡಳಿತಾಧಿಕಾರಿ ವಶಕ್ಕೆ ಹೋದ ದಿನವೇ 12 ಅಂಕ ಕಡಿತ. 2021ರಲ್ಲಿ ಡರ್ಬಿ ಕೌಂಟಿಗೆ ಆದದ್ದೂ, 2025ರ ಅಕ್ಟೋಬರ್‌ನಲ್ಲಿ ಶೆಫೀಲ್ಡ್ ವೆಡ್ನೆಸ್‌ಡೇಗೆ ಆದದ್ದೂ ಅದೇ. ಇವೆರಡೂ ಮೊದಲೇ ತಮ್ಮ ಮೈದಾನಗಳನ್ನು ಅಂದಿನ ಮಾಲೀಕರ ಬೇರೆ ಕಂಪನಿಗಳಿಗೆ ಮಾರಿದ್ದವು ಎಂಬುದನ್ನು ಗಮನಿಸಿ, ಡರ್ಬಿಯದ್ದು 8.11 ಕೋಟಿ ಪೌಂಡಿಗೆ. ಪಾಲಿನ ಕೆಳಗೆ ನೆಲ ಇಲ್ಲ ಎಂದದ್ದು ಇದನ್ನೇ. ಬಾಕಿ ಹಂಚುವಾಗ ಲೀಗಿನ ನಿಯಮದಂತೆ ಫುಟ್‌ಬಾಲ್ ಬಾಕಿಗಳು, ಅಂದರೆ ಬೇರೆ ಕ್ಲಬ್‌ಗಳ ಹಣ, ಆಟಗಾರರ ಮತ್ತು ಪೂರ್ಣಾವಧಿ ನೌಕರರ ಸಂಬಳ, ಪೂರ್ತಿ ತೀರಬೇಕು. ತೆರಿಗೆ ಇಲಾಖೆಗೆ 2020ರ ಡಿಸೆಂಬರ್‌ನಿಂದ ಮತ್ತೆ ಆದ್ಯತೆ ಸಿಕ್ಕಿದೆ. ಊರಿನ ಮಾಂಸದಂಗಡಿ, ಬಸ್ಸಿನವರು, ಆಂಬುಲೆನ್ಸ್ ಸೇವೆಗೆ ಪೌಂಡಿಗೆ ಇಷ್ಟು ಪೆನ್ಸ್. ಷೇರುದಾರರು ಸಾಲಿನ ಕಟ್ಟಕಡೆಗೆ. ಹೀಗೆ ಒಬ್ಬನೇ ಮ್ಯಾನೇಜರ್, ನೌಕರನಾಗಿ ಬಾಕಿ ಸಂಬಳ ಪೂರ್ತಿ ಪಡೆಯುತ್ತಾನೆ, ಮಾಲೀಕನಾಗಿ ಏನೂ ಪಡೆಯುವುದಿಲ್ಲ. ಸಂಬಳ ಕಡಿಮೆ ಮಾಡಿಕೊಂಡು ಷೇರು ತೆಗೆದುಕೊಂಡಿದ್ದರೆ, ಗಟ್ಟಿ ಇದ್ದದ್ದನ್ನು ಕೊಟ್ಟು ಜೊಳ್ಳು ಕೊಂಡಂತಾಯಿತು.

ಇದನ್ನೆಲ್ಲ ಪರೀಕ್ಷಿಸಲು ಲಂಡನ್ನಿಗೆ ಹೋಗಬೇಕಿಲ್ಲ. ಬ್ರಿಟನ್ನಿನ ಕಂಪನೀಸ್ ಹೌಸ್ ಜಾಲತಾಣದಲ್ಲಿ ಎಲ್ಲಾ ದಾಖಲೆ ಉಚಿತ; ನಮ್ಮಲ್ಲಿ ಕಂಪನಿ ವ್ಯವಹಾರ ಸಚಿವಾಲಯದ ತಾಣದಲ್ಲಿ ದಾಖಲೆ ನೋಡಲು ಶುಲ್ಕ ಕಟ್ಟಬೇಕು. ಕ್ಲಬ್ಬಿನ ಕಂಪನಿಯ ಹೆಸರು ಹುಡುಕಿ, ಮೊದಲು ಅದರ ಮೇಲೆ ಇನ್ನೊಂದು ಹಿಡುವಳಿ ಕಂಪನಿ ಇದೆಯೇ ನೋಡಿ. ಪಾಲು ಯಾವುದರಲ್ಲಿ ಎಂಬುದು ಮುಖ್ಯ. ಮೈದಾನ ಒಂದರಲ್ಲಿ, ತಂಡ ಇನ್ನೊಂದರಲ್ಲಿ ಇರುತ್ತದೆ. ಗಣನೀಯ ನಿಯಂತ್ರಣ ಇರುವವರ ಪಟ್ಟಿಯಲ್ಲಿ ಶೇ 25 ಮೀರಿದವರ ಹೆಸರು ಮಾತ್ರ ಕಾಣುತ್ತದೆ, ಹಾಗಾಗಿ ಶೇ 10ರ ಮ್ಯಾನೇಜರ್ ಅಲ್ಲಿ ಸಿಗುವುದಿಲ್ಲ, ವಾರ್ಷಿಕ ದೃಢೀಕರಣ ಪತ್ರದ ಷೇರುದಾರರ ಪಟ್ಟಿಯಲ್ಲಿ ಹುಡುಕಬೇಕು. ಎಸ್‌ಎಚ್ 01 ಎಂಬ ನಮೂನೆ ಕಂಡರೆ ಹೊಸ ಷೇರು ಬಿಟ್ಟಿದ್ದಾರೆ ಎಂದರ್ಥ, ಬಿಟ್ಟ ಒಂದು ತಿಂಗಳೊಳಗೆ ಅದನ್ನು ಸಲ್ಲಿಸಬೇಕು. ಪಾಲು ಕರಗಿದ ದಿನಾಂಕ ಅದರಲ್ಲೇ ಇರುತ್ತದೆ. ಅಡಮಾನಗಳ ಪಟ್ಟಿ ಬೇರೆ ಪುಟದಲ್ಲಿದೆ. ಜೂನ್ 30ಕ್ಕೆ ವರ್ಷ ಮುಗಿಯುವ ಖಾಸಗಿ ಕಂಪನಿಯ ಲೆಕ್ಕ ಮುಂದಿನ ಮಾರ್ಚ್ 31ರೊಳಗೆ ಬರಬೇಕು. ಬರದೆ ತಡವಾಯಿತು ಎಂದರೆ ಹುಷಾರು. ಸಣ್ಣ ಕ್ಲಬ್‌ಗಳು ಲಾಭನಷ್ಟದ ಪಟ್ಟಿ ಕೊಡದೆ ಬರೀ ಬ್ಯಾಲೆನ್ಸ್ ಶೀಟ್ ಸಲ್ಲಿಸುತ್ತವೆ. ಆಗ ಎರಡು ವರ್ಷದ ಸಂಚಿತ ನಷ್ಟದ ಅಂಕಿಯನ್ನು ಪಕ್ಕಪಕ್ಕ ಇಟ್ಟು ಕಳೆಯಿರಿ, ಆ ವರ್ಷದ ಕೊರತೆ ಸಿಗುತ್ತದೆ.

2025ರ ಜುಲೈನಲ್ಲಿ ಬ್ರಿಟನ್ನಿನಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆ ಬಂದಿದೆ, ಮೇಲಿನ ಐದು ಹಂತಗಳ ಕ್ಲಬ್‌ಗಳಿಗೆ ಪರವಾನಗಿ ಕೊಡುವ ಸ್ವತಂತ್ರ ನಿಯಂತ್ರಕರೂ ಬಂದಿದ್ದಾರೆ. ಮಾಲೀಕರ ಹಣದ ಮೂಲ ಕೇಳುವ ಅಧಿಕಾರ ಅವರಿಗಿದೆ. ಅದೇ ಬೇಸಿಗೆಯಲ್ಲಿ ಸಂಬಳ ಕೊಡಲಾಗದೆ ಅಮಾನತಾಗಿದ್ದ ಮೋರ್ಕಂ ಕ್ಲಬ್ಬನ್ನು ಪಂಜಾಬ್ ವಾರಿಯರ್ಸ್ ಎಂಬ ಗುಂಪು ಕೊಂಡು, 30ರ ಹರೆಯದ ಅಶ್ವೀರ್ ಸಿಂಗ್ ಜೋಹಲ್‌ರನ್ನು ಮ್ಯಾನೇಜರ್ ಮಾಡಿತು. ಪುಣೆಯ ವೆಂಕೀಸ್‌ನವರು 2010ರಿಂದ ಬ್ಲ್ಯಾಕ್‌ಬರ್ನ್ ರೋವರ್ಸ್ ನಡೆಸುತ್ತಿದ್ದು, ಇಲ್ಲಿಂದ ಹಣ ಕಳಿಸಲು ದೆಹಲಿ ಹೈಕೋರ್ಟಿನ ಅನುಮತಿ ಕೇಳಬೇಕಾಗಿ ಬಂದದ್ದನ್ನೂ ನಿಮ್ಮ ಓದುಗರು ಬಲ್ಲರು. ನಮ್ಮವರ ದುಡ್ಡು ಅಲ್ಲಿಗೆ ಹೋಗುತ್ತಿರುವಾಗ ಅಲ್ಲಿನ ಲೆಕ್ಕ ಕನ್ನಡದಲ್ಲಿ ಸರಿಯಾಗಿ ಬರಲಿ ಎಂಬುದಷ್ಟೇ ನಮ್ಮ ಆಸೆ.

ಕೊನೆಯದಾಗಿ ಒಂದು ತಿದ್ದುಪಡಿ. ಲೀಗ್ ಟೂ ಕ್ಲಬ್‌ಗಳ ಆಟಗಾರರ ಸಂಬಳಕ್ಕೆ 15 ಲಕ್ಷ ಪೌಂಡಿನ ಮಿತಿ ಇದೆ ಎಂದು ಬರಹದಲ್ಲಿ ಅಚ್ಚಾಗಿತ್ತು. ಆ ಮಿತಿ, ಲೀಗ್ ಒನ್‌ನ 25 ಲಕ್ಷದ ಮಿತಿಯ ಜೊತೆಗೆ, 2020ರ ಆಗಸ್ಟ್‌ನಲ್ಲಿ ಬಂದು 2021ರ ಫೆಬ್ರುವರಿಯಲ್ಲಿ ಹೋಯಿತು. ಆಟಗಾರರ ಸಂಘ ಪಂಚಾಯಿತಿಯಲ್ಲಿ ಗೆದ್ದ ಮೇಲೆ ಅದನ್ನು ಕೈಬಿಟ್ಟು ಶೇಕಡಾವಾರು ಪದ್ಧತಿಗೇ ಮರಳಿದರು. ಮುಂದಿನ ಕ್ರೀಡಾಪುಟದಲ್ಲಿ ಇದನ್ನು ಸರಿಪಡಿಸಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿಗಳು,
ಕೆಲವು ಓದುಗರು, ಹಾಸನ